ಬೇವಿನ ಕಡ್ಡಿಯೋ ಬ್ರಷ್ಷೋ? ಒಸಡು ಕೆಡದಂತೆ ಹಲ್ಲುಜ್ಜುವ ಕ್ರಮ

ಬೇವಿನ ಕಡ್ಡಿಯಲ್ಲಿ ಉಜ್ಜಿದರೆ ಒಸಡಿನ ರಕ್ತ ನಿಲ್ಲುತ್ತದೆಯೇ? ಮಿಸ್ವಾಕ್ ಬಳಸುತ್ತಿದ್ದೇನೆ, ಇನ್ನು ಬ್ರಷ್ ಬಿಟ್ಟುಬಿಡಬಹುದೇ? ಎರಡನ್ನೂ ಬಳಸಿದರೆ ಹಲ್ಲು ಸವೆದುಹೋಗುವುದಿಲ್ಲವೇ? ಹಲ್ಲಿನ ಬಗ್ಗೆ ಏನು ಬರೆದರೂ ಓದುಗರಿಂದ ತಿರುಗಿ ಬರುವುದು ಇವೇ ಮೂರು ಪ್ರಶ್ನೆಗಳು. ಬಿಡಿಬಿಡಿಯಾಗಿ ಉತ್ತರಿಸಿದರೆ ಅರ್ಧಂಬರ್ಧವಾಗುತ್ತದೆ ಎಂದು ಒಂದೇ ಕಡೆ ಕ್ರಮವಾಗಿ ಬರೆದಿದ್ದೇನೆ.

ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಬಳಸಲು ಗೊತ್ತಿದ್ದವರ ಕೈಯಲ್ಲಿ ಕಡ್ಡಿ ಬ್ರಷ್ಷಿಗೆ ಸರಿಸಮನಾಗಿ ಪಾಚಿ ತೆಗೆಯುತ್ತದೆ. ತೊಂದರೆ ಏನೆಂದರೆ, ಬಳಸಲು ಗೊತ್ತಿದ್ದವರೇ ಕಡಿಮೆ. ಬ್ರಷ್ಷನ್ನು ಹೇಗೆ ಹಿಡಿದರೂ ಅರ್ಧ ಕೆಲಸವಾದರೂ ಆಗುತ್ತದೆ. ಕಡ್ಡಿಯನ್ನು ತಪ್ಪಾಗಿ ಹಿಡಿದರೆ ಮುಂದಿನ ಹಲ್ಲು ಫಳಫಳ, ಒಳಗಿನ ದವಡೆ ಹಲ್ಲು ಇದ್ದ ಹಾಗೇ. ಕಡ್ಡಿಯ ಔಷಧ ಗುಣದ ಬಗ್ಗೆ ಎಲ್ಲರೂ ಹೇಳುತ್ತಾರೆ. ಅದನ್ನು ಯಾವ ಕೋನದಲ್ಲಿ, ಯಾವ ಮೂಲೆಯಿಂದ ಬಾಯಿಗೆ ಹಾಕಬೇಕು ಎಂದು ಹೇಳುವವರಿಲ್ಲ. ಒಸಡು ಉಳಿಯುವುದು, ಕೆಡುವುದು ಹೆಚ್ಚಾಗಿ ಅದರ ಮೇಲೇ ನಿಂತಿದೆ.

ಮೊದಲು, ಬಾಯಲ್ಲಿ ನಡೆಯುವುದೇನು

ಮನುಷ್ಯರ ಬಾಯಲ್ಲಿ ಇದುವರೆಗೆ ಗುರುತಿಸಿರುವ ಬ್ಯಾಕ್ಟೀರಿಯಾ ಪ್ರಭೇದಗಳು ಸುಮಾರು 700. ಅವುಗಳಲ್ಲಿ ಬಹುಪಾಲು ನಿರುಪದ್ರವಿ, ಕೆಲವು ಬೇಕಾದವೂ ಹೌದು. ಹಲ್ಲುಜ್ಜಿದ ಕೆಲವೇ ನಿಮಿಷಗಳಲ್ಲಿ ಎಂಜಲಿನ ಪ್ರೋಟೀನು ಹಲ್ಲಿನ ಮೇಲೆ ತೆಳುವಾದ ಪೊರೆಯಾಗಿ ಕೂರುತ್ತದೆ. ಮುಂದಿನ ಕೆಲವು ಗಂಟೆಗಳಲ್ಲಿ ಬ್ಯಾಕ್ಟೀರಿಯಾಗಳು ಆ ಪೊರೆಗೆ ಅಂಟಿಕೊಂಡು, ತಮ್ಮ ಸುತ್ತ ತಾವೇ ಒಂದು ಲೋಳೆಯನ್ನು ಕಟ್ಟಿಕೊಳ್ಳುತ್ತವೆ. ಇದನ್ನು ದಂತವೈದ್ಯರು ಪ್ಲಾಕ್ ಎನ್ನುತ್ತಾರೆ, ನಾವು ಪಾಚಿ ಎನ್ನುತ್ತೇವೆ. ಬೆಳಿಗ್ಗೆ ಎದ್ದಾಗ ನಾಲಿಗೆ ಆಡಿಸಿದರೆ ಹಲ್ಲಿನ ಮೇಲೆ ಜಿಡ್ಡುಜಿಡ್ಡಾಗಿ ತಾಗುತ್ತದಲ್ಲ, ಅದೇ.

ಪಾಚಿಯನ್ನು ಹಾಗೇ ಬಿಟ್ಟರೆ ಎಂಜಲಿನಲ್ಲಿರುವ ಕ್ಯಾಲ್ಸಿಯಂ ಮತ್ತು ಫಾಸ್ಫೇಟ್ ಅದರಲ್ಲಿ ಸೇರಿ, ಕೆಲವು ದಿನಗಳಲ್ಲಿ ಕಲ್ಲಿನಂತೆ ಗಟ್ಟಿಯಾಗುತ್ತದೆ. ಇದು ಟಾರ್ಟರ್, ಅಂದರೆ ಹಲ್ಲಿನ ಗಾರೆ. ಇದನ್ನು ಕಡ್ಡಿಯೂ ತೆಗೆಯಲಾರದು, ಬ್ರಷ್ಷೂ ತೆಗೆಯಲಾರದು. ದಂತವೈದ್ಯರು ಸ್ಕೇಲಿಂಗ್, ಅಂದರೆ ಉಪಕರಣದಿಂದ ಗಾರೆ ಕೆರೆದು ತೆಗೆಯುವ ಕೆಲಸ, ಮಾಡಿಯೇ ತೆಗೆಯಬೇಕು.

ಹಲ್ಲಿಗೂ ಒಸಡಿಗೂ ನಡುವೆ ಸುತ್ತಲೂ ಒಂದು ಕಿರಿದಾದ ಸಂದು ಇರುತ್ತದೆ. ಆರೋಗ್ಯವಾದ ಬಾಯಲ್ಲಿ ಅದರ ಆಳ 1ರಿಂದ 3 ಮಿಲಿಮೀಟರ್. ಒಸಡಿನ ಕಾಯಿಲೆ ಶುರುವಾಗುವುದು ಇಲ್ಲಿ. ಸಂದಿನ ಬಾಯಲ್ಲಿ ಪಾಚಿ ಕೂತರೆ ಒಸಡು ಕೆಂಪಾಗಿ ಊದಿಕೊಂಡು, ಮುಟ್ಟಿದರೆ ರಕ್ತ ಬರುತ್ತದೆ. ಇದು ಜಿಂಜಿವೈಟಿಸ್, ಒಸಡಿನ ಉರಿಯೂತ. ಇದು ಪೂರ್ತಿ ವಾಸಿಯಾಗುವ ಹಂತ. ಹಾಗೇ ಬಿಟ್ಟರೆ ಕೆಲವರಲ್ಲಿ ಸಂದು ಆಳವಾಗಿ ಚೀಲದಂತಾಗುತ್ತದೆ. ಗಾಳಿ ಇಲ್ಲದ ಆ ಜಾಗದಲ್ಲಿ ಪಾರ್ಫಿರೊಮೊನಾಸ್ ಜಿಂಜಿವಾಲಿಸ್‌ನಂಥ ಬ್ಯಾಕ್ಟೀರಿಯಾ ನೆಲೆಯೂರಿ, ಹಲ್ಲನ್ನು ಹಿಡಿದಿರುವ ಮೂಳೆಯೇ ಕರಗತೊಡಗುತ್ತದೆ. ಇದು ಪೆರಿಯೊಡೊಂಟೈಟಿಸ್. ಕರಗಿದ ಮೂಳೆ ತಾನಾಗಿ ಮರಳಿ ಬರುವುದಿಲ್ಲ.

1965ರಲ್ಲಿ ಡೆನ್ಮಾರ್ಕಿನ ಆರ್ಹಸ್‌ನಲ್ಲಿ ಹೆರಾಲ್ಡ್ ಲೋ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಯೋಗವೊಂದು ಒಸಡಿನ ಬಗೆಗಿನ ತಿಳಿವಳಿಕೆಗೆ ಇಂದಿಗೂ ಅಡಿಪಾಯ. ಒಸಡು ಚೆನ್ನಾಗಿದ್ದ 12 ಮಂದಿಗೆ ಹಲ್ಲುಜ್ಜುವುದನ್ನು ಪೂರ್ತಿ ನಿಲ್ಲಿಸಲು ಹೇಳಿದರು. 10ರಿಂದ 21 ದಿನಗಳೊಳಗೆ ಎಲ್ಲರ ಒಸಡಿಗೂ ಉರಿಯೂತ ಬಂತು. ಮತ್ತೆ ಉಜ್ಜಲು ಶುರುಮಾಡಿದ ಸುಮಾರು ಒಂದು ವಾರದಲ್ಲಿ ಇಳಿದೂಹೋಯಿತು. ಕಾರಣ ಪಾಚಿ, ಮದ್ದು ಅದನ್ನು ತೆಗೆಯುವುದು.

ಇಲ್ಲಿ ಗಮನಿಸಬೇಕಾದ್ದು: ಪಾಚಿಯ ಲೋಳೆಯೊಳಗೆ ಕೂತ ಬ್ಯಾಕ್ಟೀರಿಯಾಗಳಿಗೆ ಹೊರಗಿನ ಔಷಧ ಸುಲಭವಾಗಿ ತಟ್ಟುವುದಿಲ್ಲ. ಬಚ್ಚಲ ಕಲ್ಲಿನ ಪಾಚಿಗೆ ಫಿನಾಯಿಲ್ ಸುರಿದು ಬಂದರೆ ವಾಸನೆ ಹೋದೀತು, ಜಾರುವುದು ಹೋಗದು, ತಿಕ್ಕಲೇಬೇಕು. ಬಾಯಲ್ಲೂ ಅಷ್ಟೇ. ಕಡ್ಡಿಯಾಗಲಿ, ಬ್ರಷ್ಷಾಗಲಿ, ಅದರ ಮೊದಲ ಕೆಲಸ ಪಾಚಿಯನ್ನು ಜಾಗದಿಂದ ಕದಲಿಸುವುದು. ಕೊಲ್ಲುವ ಗುಣವಿದ್ದರೆ ಅದು ಮೇಲಿನ ಲಾಭ.

ಕಡ್ಡಿಯ ಔಷಧ ಗುಣ: ನಿಜವೆಷ್ಟು

ಪೂರ್ತಿ ಸುಳ್ಳಲ್ಲ. ಮಿಸ್ವಾಕ್ ಎಂದರೆ ಸಾಲ್ವಡೋರಾ ಪರ್ಸಿಕಾ ಎಂಬ ಗಿಡದ ಬೇರು ಅಥವಾ ರೆಂಬೆ. ಅರಬ್ಬಿಯಲ್ಲಿ ಅರಾಕ್, ಹಿಂದಿಯಲ್ಲಿ ಪೀಲು ಎನ್ನುವುದು ಇದನ್ನೇ. ಹೊಸ ಕಡ್ಡಿಯನ್ನು ಅಗಿದಾಗ ಮೂಗಿಗೇರುವ ಸಣ್ಣ ಘಾಟಿಗೆ ಬೆಂಜೈಲ್ ಐಸೊಥಯೊಸೈನೇಟ್ ಎಂಬ ವಸ್ತು ಮುಖ್ಯ ಕಾರಣ. ಸಾಸಿವೆಗೆ ಘಾಟು ಕೊಡುವ ವಸ್ತುವೂ ಇದೇ ಬಳಗದ್ದು. ಇದು ಆವಿಯಾಗಿ ಹರಡಬಲ್ಲದು. ಪ್ರಯೋಗಾಲಯದಲ್ಲಿ ಬ್ಯಾಕ್ಟೀರಿಯಾ ಬೆಳೆಸಿದ ತಟ್ಟೆಗೆ ಮಿಸ್ವಾಕ್ ತುಂಡನ್ನು ತಾಗಿಸದೆ, ಬರೀ ಮೇಲೆ ಹಿಡಿದಿಟ್ಟಾಗಲೂ ಒಸಡಿನ ಕಾಯಿಲೆಗೆ ಸಂಬಂಧಿಸಿದ ಕೆಲವು ಬ್ಯಾಕ್ಟೀರಿಯಾಗಳ ಬೆಳವಣಿಗೆ ಕುಗ್ಗಿದೆ. ಗ್ರಾಮ್ ನೆಗೆಟಿವ್ ಎಂಬ ಗುಂಪಿನ ಮೇಲೆ ಇದರ ಪರಿಣಾಮ ಜೋರು. ಮೇಲೆ ಹೇಳಿದ ಜಿಂಜಿವಾಲಿಸ್ ಆ ಗುಂಪಿಗೇ ಸೇರಿದ್ದು. ಹಲ್ಲು ಹುಳುಕಾಗಿಸುವ ಸ್ಟ್ರೆಪ್ಟೊಕಾಕಸ್ ಮ್ಯೂಟನ್ಸ್ ಆ ಗುಂಪಿನದಲ್ಲ, ಅದರ ಮೇಲೆ ಪರಿಣಾಮ ಅಷ್ಟಿಲ್ಲ.

ಬೇವಿನಲ್ಲಿ ಕಹಿ ಲಿಮೊನಾಯ್ಡ್‌ಗಳೂ ಒಗರು ಕೊಡುವ ಟ್ಯಾನಿನ್‌ಗಳೂ ಇವೆ. ಬೇವಿನ ಸಾರಕ್ಕೆ ಬ್ಯಾಕ್ಟೀರಿಯಾ ತಡೆಯುವ ಗುಣವಿರುವುದು ಪ್ರಯೋಗಾಲಯದಲ್ಲಿ ಕಂಡಿದೆ. ಆದರೆ ತಟ್ಟೆಯ ಮೇಲಿನ ಫಲಿತಾಂಶವನ್ನು ಬಾಯಿಗೆ ನೇರವಾಗಿ ಹೊರಿಸಬೇಡಿ. ಬಾಯಲ್ಲಿ ಎಂಜಲು ಸದಾ ಎಲ್ಲವನ್ನೂ ತೊಳೆಯುತ್ತಿರುತ್ತದೆ, ಕಡ್ಡಿಯ ರಸ ಅಲ್ಲಿ ಉಳಿಯುವುದು ಸ್ವಲ್ಪ ಹೊತ್ತು. ಒಣಗಿ ಸೌದೆಯಾದ ಕಡ್ಡಿಯಲ್ಲಿ ಘಾಟೂ ಇರುವುದಿಲ್ಲ, ಆ ಗುಣವೂ ಅಷ್ಟಕ್ಕಷ್ಟೇ.

ಕಡ್ಡಿಯ ಇನ್ನೊಂದು ಲಾಭದ ಬಗ್ಗೆ ಯಾರೂ ಹೆಚ್ಚು ಹೇಳುವುದಿಲ್ಲ. ಅಗಿಯುವಾಗ ಎಂಜಲು ಧಾರಾಳವಾಗಿ ಊರುತ್ತದೆ, ಎಂಜಲು ಬಾಯಿಯ ಆಮ್ಲವನ್ನು ತಗ್ಗಿಸುತ್ತದೆ.

ಕಡ್ಡಿಯ ದೊಡ್ಡ ಕೊರತೆ ಫ್ಲೋರೈಡ್. ಹುಳುಕು ತಡೆಯುವಲ್ಲಿ ಫ್ಲೋರೈಡ್ ಪೇಸ್ಟಿಗೆ ಇರುವಷ್ಟು ಗಟ್ಟಿ ಆಧಾರ ಯಾವ ಕಡ್ಡಿಗೂ ಇಲ್ಲ. ಮಿಸ್ವಾಕ್‌ನಲ್ಲಿ ಫ್ಲೋರೈಡ್ ಇದೆ ಎಂದು ಹೇಳುವುದುಂಟು; ಇರುವುದು ಅತ್ಯಲ್ಪ, ಲೆಕ್ಕಕ್ಕೆ ಬರುವಂಥದ್ದಲ್ಲ.

ಜನರ ಬಾಯಲ್ಲಿ ಹೋಲಿಸಿದಾಗ

ಅಧ್ಯಯನಗಳು ಒಂದೇ ಮಾತು ಹೇಳುವುದಿಲ್ಲ. ಸುಡಾನಿನಲ್ಲಿ ಮಿಸ್ವಾಕ್ ಬಳಸುವವರ ಒಸಡು ಬ್ರಷ್ ಬಳಸುವವರದಕ್ಕಿಂತ ಕೆಟ್ಟಿರಲಿಲ್ಲ. ಘಾನಾದಲ್ಲಿ ನಡೆದ ಸಣ್ಣ ಅಧ್ಯಯನದಲ್ಲಿ ಕಡ್ಡಿ ಬಳಸುವವರಲ್ಲಿ ಪಾಚಿಯೂ ರಕ್ತಸ್ರಾವವೂ ಹೆಚ್ಚಿತ್ತು. ಸೌದಿ ಅರೇಬಿಯಾದಲ್ಲಿ, ಬಳಸುವ ಕ್ರಮವನ್ನು ಮೊದಲು ಕಲಿಸಿ, ಅದೇ ಜನರಿಗೆ ಸರದಿಯಂತೆ ಎರಡನ್ನೂ ಕೊಟ್ಟು ನೋಡಿದಾಗ ಮಿಸ್ವಾಕ್‌ನ ಫಲಿತಾಂಶವೇ ಮೇಲಾಗಿತ್ತು. ಕಲಿಸಿದ್ದು ಎಂಬ ಮಾತಿಗೆ ಅಡಿಗೆರೆ ಹಾಕಿಕೊಳ್ಳಿ. ವಿಶ್ವ ಆರೋಗ್ಯ ಸಂಸ್ಥೆ 1980ರ ದಶಕದಲ್ಲೇ ಕಡ್ಡಿಯ ಬಳಕೆಯನ್ನು ಪ್ರೋತ್ಸಾಹಿಸಿತ್ತು. ಅದನ್ನು ಬ್ರಷ್ ಬಿಡಿ ಎಂಬ ಅಪ್ಪಣೆಯಂತೆ ಹಂಚಿಕೊಳ್ಳುವುದು ಸರಿಯಲ್ಲ.

ಕಡ್ಡಿ ಬಳಸುವವರಲ್ಲಿ ಒಂದು ದೋಷ ಮಾತ್ರ ಮತ್ತೆ ಮತ್ತೆ ಕಂಡಿದೆ: ಮುಂದಿನ ಹಲ್ಲುಗಳ ಹೊರಮೈಯಲ್ಲಿ ಒಸಡು ಹಿಂದೆ ಸರಿಯುವುದು. ಅಡ್ಡಡ್ಡ ಬಲವಾಗಿ ತಿಕ್ಕುವುದು ಅದಕ್ಕೆ ಕಾರಣ. ಸರಿದ ಒಸಡು ತಾನಾಗಿ ಕೆಳಗಿಳಿದು ಬರುವುದಿಲ್ಲ.

ಬೇಕಾದ ಸಾಮಾನು

ಕಡ್ಡಿ, ಅದನ್ನು ಕತ್ತರಿಸಲು ಚಾಕು, ಮೃದು ಎಳೆಯ ಸಣ್ಣ ತಲೆಯ ಬ್ರಷ್, ಫ್ಲೋರೈಡ್ ಇರುವ ಪೇಸ್ಟ್, ಹಲ್ಲಿನ ಸಂದಿಗೆ ಫ್ಲಾಸ್ ದಾರ ಅಥವಾ ಸಂದಿಯ ಬ್ರಷ್, ನಾಲಿಗೆ ಕೆರೆಯುವ ಪಟ್ಟಿ, ಬೆಳಕಿರುವ ಕಡೆ ಒಂದು ಕನ್ನಡಿ. ಕನ್ನಡಿಯನ್ನು ಬಿಡಬೇಡಿ. ಕಡ್ಡಿ ಬಾಯಲ್ಲಿಟ್ಟುಕೊಂಡು ಓಡಾಡುತ್ತಾ ಉಜ್ಜುವ ಅಭ್ಯಾಸದಿಂದಲೇ ಅರ್ಧ ಹಲ್ಲು ತಪ್ಪಿಹೋಗುವುದು.

ಹಂತ 1: ಕಡ್ಡಿ ಆರಿಸುವುದು

ಬೇವು, ಮಿಸ್ವಾಕ್, ಜಾಲಿ, ಹೊಂಗೆ: ಇವು ರೂಢಿಯಲ್ಲಿರುವವು. ಹನ್ನೆರಡು ಅಂಗುಲ ಉದ್ದ, ಕಿರುಬೆರಳಿನ ದಪ್ಪ ಎಂದು ಸುಶ್ರುತನು ಕೊಟ್ಟ ಅಳತೆಯಲ್ಲಿ ದಪ್ಪವನ್ನು ಹಾಗೇ ಇಟ್ಟುಕೊಳ್ಳಿ, ಉದ್ದ ಒಂದು ಗೇಣಿದ್ದರೆ ಸಾಕು. ತೀರ ತೆಳುವಾದ ಕಡ್ಡಿ ಕುಂಚವಾಗುವ ಮೊದಲೇ ಮುರಿಯುತ್ತದೆ. ತೀರ ದಪ್ಪದ್ದು ಹಿಂದಿನ ಹಲ್ಲಿನವರೆಗೆ ಹೋಗುವುದಿಲ್ಲ. ಗಂಟಿಲ್ಲದ, ಬಗ್ಗಿಸಿದರೆ ಬಾಗುವ ಹಸಿ ರೆಂಬೆ ಒಳ್ಳೆಯದು.

ಎಚ್ಚರಿಕೆ: ಹಳೆಯ ಪಟ್ಟಿಗಳಲ್ಲಿ ಕಣಗಿಲೆ ಮತ್ತು ಎಕ್ಕದ ಹೆಸರೂ ಇದೆ. ಬಳಸಬೇಡಿ. ಕಣಗಿಲೆಯ ಎಲ್ಲ ಭಾಗವೂ ಹೃದಯಕ್ಕೆ ವಿಷ. ಎಕ್ಕದ ಹಾಲು ಬಾಯಿಯ ಒಳಚರ್ಮವನ್ನು ಸುಡುತ್ತದೆ. ಗುರುತು ಸಿಗದ ಗಿಡದ ಕಡ್ಡಿಯನ್ನು ಬಾಯಿಗೆ ಹಾಕುವುದೇ ಬೇಡ. ಕೀಟನಾಶಕ ಸಿಂಪಡಿಸಿದ ಮರದ್ದೂ, ವಾಹನದ ಹೊಗೆ ಧೂಳು ಮೆತ್ತಿದ ರಸ್ತೆಬದಿಯದ್ದೂ ಬೇಡ.

ಹಂತ 2: ಕುಂಚ ಮಾಡುವುದು

ಕಡ್ಡಿಯನ್ನು ತೊಳೆಯಿರಿ. ಒಣಗಿದ್ದರೆ ತುದಿಯನ್ನು ಕೆಲವು ಗಂಟೆ ನೀರಿನಲ್ಲಿ ನೆನೆಸಿ. ಒಂದು ತುದಿಯಲ್ಲಿ ಸುಮಾರು ಒಂದು ಸೆಂಟಿಮೀಟರ್ ತೊಗಟೆ ಸುಲಿದು, ಆ ಭಾಗವನ್ನು ದವಡೆ ಹಲ್ಲಿನಲ್ಲಿ ಮೆಲ್ಲಗೆ ಅಗಿಯಿರಿ. ಕಡಿಯಬೇಡಿ, ಹಿಸುಕಿ ಹಿಸುಕಿ ನಾರು ಬಿಡಿಸಿ. ಎಳೆಗಳು ಒಂದಕ್ಕೊಂದು ಅಂಟದೆ ಬಿಡಿಬಿಡಿಯಾಗಿ, ಬೆರಳ ತುದಿಗೆ ಒತ್ತಿದರೆ ಚುಚ್ಚದಂತಿದ್ದರೆ ಕುಂಚ ಸಿದ್ಧ. ಗಟ್ಟಿ ಸಿಬಿರು ಉಳಿದಿದ್ದರೆ ಕಿತ್ತು ತೆಗೆಯಿರಿ. ಒಸಡಿಗೆ ಗಾಯವಾಗುವುದು ಹೆಚ್ಚಾಗಿ ಅದರಿಂದಲೇ.

ಹೆಚ್ಚಿನವರು ಇಲ್ಲಿ ಅವಸರ ಮಾಡುತ್ತಾರೆ, ಎರಡು ಸಲ ಕಚ್ಚಿ ಉಜ್ಜಲು ಶುರು. ಅದು ಕುಂಚವಲ್ಲ, ಮೊಂಡು ಕಟ್ಟಿಗೆ.

ಹಲ್ಲು ಅಲ್ಲಾಡುತ್ತಿದ್ದರೆ, ಹಲ್ಲಿಗೆ ಕ್ಯಾಪ್ ಹಾಕಿಸಿದ್ದರೆ ಅಗಿಯುವ ಬದಲು ಶುಭ್ರವಾದ ಕಲ್ಲಿನಿಂದ ತುದಿಯನ್ನು ಜಜ್ಜಿಕೊಳ್ಳಿ.

ಹಂತ 3: ಕಡ್ಡಿಯಿಂದ ಉಜ್ಜುವುದು

ಇಡೀ ಲೇಖನದಲ್ಲಿ ನಿಧಾನವಾಗಿ ಓದಬೇಕಾದ ಭಾಗ ಇದು. ಬ್ರಷ್ಷಿನ ಎಳೆಗಳು ಹಿಡಿಗೆ ಅಡ್ಡವಾಗಿ ನಿಂತಿರುತ್ತವೆ. ಕಡ್ಡಿಯ ನಾರು ಕಡ್ಡಿಯ ಉದ್ದಕ್ಕೇ ಇರುತ್ತದೆ. ಹಾಗಾಗಿ ಬ್ರಷ್ಷನ್ನು ಹಿಡಿದಂತೆ ಕಡ್ಡಿಯನ್ನು ಹಿಡಿದರೆ ಹಲ್ಲಿಗೆ ತಾಗುವುದು ಕುಂಚದ ಪಕ್ಕ ಮಾತ್ರ, ತುದಿಯಲ್ಲ. ಈ ಒಂದು ವ್ಯತ್ಯಾಸದಿಂದ ಬಾಯಿಯ ಒಂದೊಂದು ಭಾಗಕ್ಕೂ ಬೇರೆ ಬೇರೆ ಹಿಡಿತ ಬೇಕಾಗುತ್ತದೆ.

ಮುಂದಿನ ಹಲ್ಲಿನ ಹೊರಮೈ ಸುಲಭ. ಕಡ್ಡಿಯನ್ನು ಪೆನ್ನಿನಂತೆ ಹಿಡಿದು, ಕುಂಚದ ತುದಿಯನ್ನು ಒಸಡಿನ ಅಂಚಿಗೆ ಇಟ್ಟು, ಒಸಡಿನಿಂದ ಹಲ್ಲಿನ ತುದಿಯ ಕಡೆಗೆ ಎಳೆಯಿರಿ. ಮೇಲಿನ ಹಲ್ಲಿಗೆ ಮೇಲಿಂದ ಕೆಳಕ್ಕೆ, ಕೆಳಗಿನ ಹಲ್ಲಿಗೆ ಕೆಳಗಿಂದ ಮೇಲಕ್ಕೆ. ಅಡ್ಡಡ್ಡ ತಿಕ್ಕಬೇಡಿ. ಕೋರೆಹಲ್ಲು ಬಾಯಿಯ ತಿರುವಿನಲ್ಲಿ ಉಬ್ಬಿ ನಿಂತಿರುವುದರಿಂದ ಹೆಚ್ಚು ಏಟು ತಿನ್ನುವುದು ಅದೇ. ಅಲ್ಲಿ ಕೈ ಹಗುರವಾಗಿರಲಿ.

ಹಿಂದಿನ ಹಲ್ಲಿನ ಹೊರಮೈಗೆ, ಅಂದರೆ ಕೆನ್ನೆಯ ಕಡೆಗೆ, ಬಾಯನ್ನು ದೊಡ್ಡದಾಗಿ ತೆರೆಯಬೇಡಿ. ತೆರೆದಷ್ಟೂ ಕೆನ್ನೆ ಬಿಗಿಯಾಗಿ ಜಾಗ ಕಡಿಮೆಯಾಗುತ್ತದೆ. ಬಾಯಿ ಅರ್ಧ ಮುಚ್ಚಿ, ಕಡ್ಡಿಯಿಂದಲೇ ಕೆನ್ನೆಯನ್ನು ಹೊರಕ್ಕೆ ತಳ್ಳಿ, ಕುಂಚವನ್ನು ಹಿಂದಿನವರೆಗೆ ಒಯ್ದು ಒಸಡಿನ ಅಂಚಿಗೆ ಒತ್ತಿ.

ಒಳಮೈಗೆ, ಅಂದರೆ ನಾಲಿಗೆಯ ಕಡೆಗೆ, ಎದುರು ಮೂಲೆಯಿಂದ ಬನ್ನಿ. ಎಡ ದವಡೆಯ ಒಳಮೈ ಉಜ್ಜಬೇಕಾದರೆ ಕಡ್ಡಿಯನ್ನು ಬಾಯಿಯ ಬಲ ಮೂಲೆಯಿಂದ ಓರೆಯಾಗಿ ತೂರಿಸಿ. ಕುಂಚದ ತುದಿ ನೇರವಾಗಿ ಎಡ ಹಲ್ಲುಗಳ ಒಳಮೈಗೆ ಬಂದು ಮುಟ್ಟುತ್ತದೆ. ಬಲಕ್ಕೆ ಎಡ ಮೂಲೆಯಿಂದ. ಕೆಳಗಿನ ಮುಂದಿನ ಹಲ್ಲುಗಳ ಒಳಮೈಗೆ ಈ ಉಪಾಯ ನಡೆಯುವುದಿಲ್ಲ. ಅಲ್ಲಿಗೆ ಕುಂಚದ ನಾರನ್ನು ಹಲ್ಲಿನ ನಡುವೆ ಕಚ್ಚಿ ಒಂದು ಕಡೆಗೆ ಬಾಗಿಸಿ, ಗುದ್ದಲಿಯ ಆಕಾರ ಬರಿಸಿ, ಮೇಲಕ್ಕೆ ಎಳೆಯಿರಿ. ಆ ಜಾಗದ ಹತ್ತಿರವೇ ನಾಲಿಗೆಯ ಕೆಳಗೆ ಎಂಜಲಿನ ನಾಳಗಳು ತೆರೆದುಕೊಳ್ಳುವುದರಿಂದ ಗಾರೆ ಬೇಗ ಕಟ್ಟುವುದೂ ಅಲ್ಲೇ. ಬಿಡಬೇಡಿ.

ಕೊನೆಗೆ ಅಗಿಯುವ ಮೇಲ್ಮೈ. ಇಲ್ಲಿ ಹಿಂದೆ ಮುಂದೆ ಉಜ್ಜಬಹುದು.

ಎಲ್ಲ ಸೇರಿ ಐದು ನಿಮಿಷವಾದರೂ ಬೇಕು. ಬ್ರಷ್ ಒಮ್ಮೆಗೆ ಎರಡು ಮೂರು ಹಲ್ಲು ಮುಟ್ಟುತ್ತದೆ, ಕಡ್ಡಿ ಒಂದೇ ಹಲ್ಲು. ರಸವನ್ನು ಉಗುಳಿ, ನುಂಗಬೇಡಿ.

ಹಂತ 4: ಬ್ರಷ್ಷಿನಿಂದ ಉಜ್ಜುವುದು

ಒಸಡಿಗೆಂದೇ ಇರುವ ಕ್ರಮಕ್ಕೆ ಬಾಸ್ ವಿಧಾನ ಎನ್ನುತ್ತಾರೆ. ಅಮೆರಿಕದ ವೈದ್ಯ ಚಾರ್ಲ್ಸ್ ಬಾಸ್ 1940ರ ದಶಕದಲ್ಲಿ ಬಳಕೆಗೆ ತಂದದ್ದು. ಬ್ರಷ್ಷಿನ ಎಳೆಗಳನ್ನು ಒಸಡಿನ ಕಡೆಗೆ 45 ಡಿಗ್ರಿ ಓರೆಯಾಗಿಸಿ, ಅರ್ಧ ಹಲ್ಲಿನ ಮೇಲೆ ಅರ್ಧ ಒಸಡಿನ ಅಂಚಿನ ಮೇಲೆ ಇರುವಂತೆ ಇಡಿ. ಎಳೆಯ ತುದಿ ಜಾಗ ಬಿಟ್ಟು ಸರಿಯದಷ್ಟು ಚಿಕ್ಕದಾಗಿ ನಡುಗಿಸಿದಂತೆ ಅಲ್ಲಾಡಿಸಿ. ಒಂದು ಕಡೆ ಹತ್ತು ಸಲ, ಆಮೇಲೆ ಮುಂದಿನ ಹಲ್ಲುಗಳಿಗೆ. ಎಳೆಗಳು ಸಂದಿನೊಳಗೆ ಒಂದು ಮಿಲಿಮೀಟರಿನಷ್ಟು ಇಳಿಯುತ್ತವೆ. ಕಾಯಿಲೆ ಶುರುವಾಗುವ ಜಾಗವೂ ಅದೇ.

ಒಟ್ಟು ಎರಡು ನಿಮಿಷ. ಶುರುಮಾಡುವುದು ಕೆಳದವಡೆಯ ಒಳಮೈಯಿಂದ ಇರಲಿ. ಎಲ್ಲರೂ ಮುಂದಿನ ಹಲ್ಲಿನಿಂದ ಶುರುಮಾಡಿ, ಒಳಗೆ ಹೋಗುವ ಹೊತ್ತಿಗೆ ತಾಳ್ಮೆ ಮುಗಿದಿರುತ್ತದೆ.

ಪೇಸ್ಟಿನ ಮೇಲೆ ಫ್ಲೋರೈಡ್ 1000ರಿಂದ 1500 ಪಿಪಿಎಂ ಎಂದಿರಬೇಕು. ಪಿಪಿಎಂ ಎಂದರೆ ಹತ್ತು ಲಕ್ಷ ಭಾಗದಲ್ಲಿ ಇಷ್ಟು ಭಾಗ. ಮೂರು ವರ್ಷದೊಳಗಿನ ಮಗುವಿಗೆ ಅಕ್ಕಿಕಾಳಿನಷ್ಟು, ಮೂರರಿಂದ ಆರರವರೆಗೆ ಬಟಾಣಿಯಷ್ಟು ಸಾಕು. ಉಜ್ಜಿದ ಮೇಲೆ ನೊರೆ ಉಗುಳಿ, ನೀರು ಹಾಕಿ ಗಳಗಳ ಮುಕ್ಕಳಿಸಬೇಡಿ. ಹಾಗೆ ಮಾಡಿದರೆ ಫ್ಲೋರೈಡ್ ಪೂರ್ತಿ ತೊಳೆದುಹೋಗುತ್ತದೆ. ಬಹಳ ಜನರಿಗೆ ಇದನ್ನು ಒಪ್ಪುವುದೇ ಕಷ್ಟ, ಗೊತ್ತಿದೆ. ಕೆಲ ದಿನ ಮಾಡಿದರೆ ರೂಢಿಯಾಗುತ್ತದೆ.

ಎಳೆ ಬಾಗಿದ ಬ್ರಷ್ಷನ್ನು ಬದಲಿಸಿ, ಇಲ್ಲವಾದರೆ ಮೂರು ನಾಲ್ಕು ತಿಂಗಳಿಗೊಮ್ಮೆ. ಒಂದೆರಡು ವಾರದಲ್ಲೇ ಎಳೆ ಕೆದರಿ ನಿಂತರೆ ನೀವು ಒತ್ತುವುದು ಹೆಚ್ಚಾಯಿತು ಎಂದರ್ಥ. ಮೋಟಾರಿನ ಬ್ರಷ್ ಬಗ್ಗೆಯೂ ಕೇಳುತ್ತಾರೆ. ಹಲವು ಪರೀಕ್ಷೆಗಳನ್ನು ಒಟ್ಟುಗೂಡಿಸಿ 2014ರಲ್ಲಿ ಪ್ರಕಟವಾದ ಕಾಕ್ರೇನ್ ವಿಮರ್ಶೆಯಲ್ಲಿ, ಮೂರು ತಿಂಗಳ ನಂತರ ಕೈಬ್ರಷ್ಷಿಗಿಂತ ಪಾಚಿ 21%, ಒಸಡಿನ ಉರಿಯೂತ 11% ಕಡಿಮೆ ಕಂಡಿತ್ತು. ಬೆರಳು ಸರಿಯಾಗಿ ಬಾಗದವರಿಗೆ, ವಯಸ್ಸಾದವರಿಗೆ ಇದು ನಿಜಕ್ಕೂ ಉಪಯೋಗ.

ಹಂತ 5: ಹಲ್ಲಿನ ನಡುವಿನ ಸಂದಿ

ಕಡ್ಡಿಯೂ ಬ್ರಷ್ಷೂ ಸಮನಾಗಿ ಸೋಲುವ ಜಾಗ ಇದು. ಎರಡು ಹಲ್ಲು ಒಂದಕ್ಕೊಂದು ತಾಗುವ ಕಡೆ ಯಾವ ಎಳೆಯೂ ಹೋಗುವುದಿಲ್ಲ. ಒತ್ತೊತ್ತಾದ ಹಲ್ಲಿದ್ದರೆ ಫ್ಲಾಸ್ ದಾರ, ಸಂದಿ ಬಿಟ್ಟಿದ್ದರೆ ಸಂದಿಯ ಬ್ರಷ್. ದಾರವನ್ನು ಗರಗಸದಂತೆ ಎಳೆದು ಒಸಡಿಗೆ ಕುಯ್ಯಬೇಡಿ. ಒಂದು ಹಲ್ಲಿನ ಮೈಗೆ ಸುತ್ತಿಕೊಳ್ಳುವಂತೆ ಬಾಗಿಸಿ ಮೇಲೆ ಕೆಳಗೆ ಸರಿಸಿ, ಆಮೇಲೆ ಪಕ್ಕದ ಹಲ್ಲಿಗೂ ಹಾಗೇ. ಕಡ್ಡಿಯ ಸಿಬಿರಿನಿಂದ ಸಂದಿ ಚುಚ್ಚುವುದು ಬೇಡ. ಮುರಿದ ನಾರು ಒಸಡಿನೊಳಗೆ ಸಿಕ್ಕಿ ಕೀವಾದೀತು.

ಹಂತ 6: ನಾಲಿಗೆ

ಹಿಂದಿನಿಂದ ಮುಂದಕ್ಕೆ ಹಗುರವಾಗಿ ಎರಡು ಮೂರು ಸಲ ಕೆರೆದರೆ ಸಾಕು. ಬಾಯಿವಾಸನೆಗೆ ಲಾಭ, ಒಸಡಿಗೆ ಹೇಳಿಕೊಳ್ಳುವಂಥದ್ದಿಲ್ಲ.

ಹಂತ 7: ದಿನಚರಿಗೆ ಹೊಂದಿಸುವುದು

ಎರಡನ್ನೂ ಬಳಸುವುದಾದರೆ ನನ್ನ ಸಲಹೆ ಹೀಗೆ: ಬೆಳಿಗ್ಗೆ ಕಡ್ಡಿ, ರಾತ್ರಿ ಮಲಗುವ ಮುನ್ನ ಫ್ಲಾಸ್, ಆಮೇಲೆ ಫ್ಲೋರೈಡ್ ಪೇಸ್ಟ್ ಹಾಕಿ ಬ್ರಷ್. ನಿದ್ದೆಯಲ್ಲಿ ಎಂಜಲು ಊರುವುದು ತೀರ ಕಡಿಮೆಯಾಗುವುದರಿಂದ ರಾತ್ರಿಯ ಸರದಿಯನ್ನು ತಪ್ಪಿಸುವಂತಿಲ್ಲ. ಕಡ್ಡಿ ಮಾತ್ರ ಬಳಸುತ್ತೇನೆ ಎನ್ನುವವರು ದಿನಕ್ಕೊಮ್ಮೆ ಫ್ಲೋರೈಡ್ ಪೇಸ್ಟನ್ನಾದರೂ ಕುಂಚಕ್ಕೆ ಹಚ್ಚಿಕೊಂಡು ಉಜ್ಜಿ. ಅದಕ್ಕೆ ಅಡ್ಡಿಯಿಲ್ಲ.

ಹಲ್ಲು ಸವೆಯುವ ಭಯದ ಬಗ್ಗೆ: ಸವೆಸುವುದು ಬಲ ಮತ್ತು ತರಿ. ಎರಡು ಸಾಧನ ಬಳಸಿದ ಮಾತ್ರಕ್ಕೆ ಸವೆಯುವುದಿಲ್ಲ. ಇದ್ದಿಲಪುಡಿ, ಇಟ್ಟಿಗೆಪುಡಿ, ಹರಳುಪ್ಪು ಹಾಕಿ ತಿಕ್ಕಿದರೆ ಖಂಡಿತ ಸವೆಯುತ್ತದೆ. ಹೊಗೆಸೊಪ್ಪು ಬೆರೆತ ಹಲ್ಲುಪುಡಿಯಂತೂ ಒಸಡಿಗೂ ಬಾಯಿಗೂ ಶತ್ರು. ಹುಳಿಹಣ್ಣು, ಹುಳಿ ಪಾನೀಯ ತೆಗೆದುಕೊಂಡ ಕೂಡಲೇ ಉಜ್ಜದೆ ಅರ್ಧ ಗಂಟೆ ಬಿಡಿ. ಆಮ್ಲ ತಾಗಿದ ಹಲ್ಲಿನ ಮೇಲ್ಪದರ ಆಗ ಮೆತ್ತಗಿರುತ್ತದೆ.

ಹಂತ 8: ಕಡ್ಡಿ ಇಡುವುದು

ಬಳಸಿದ ಕುಂಚವನ್ನು ಪ್ರತಿದಿನ ಕತ್ತರಿಸಿ ಬಿಸಾಕಿ, ಮರುದಿನ ಹೊಸದಾಗಿ ಮಾಡಿಕೊಳ್ಳಿ. ಒದ್ದೆ ನಾರಿನಲ್ಲಿ ಬ್ಯಾಕ್ಟೀರಿಯಾ, ಬೂಷ್ಟು ಎರಡೂ ಚೆನ್ನಾಗಿ ಬೆಳೆಯುತ್ತವೆ. ಕುಂಚಕ್ಕೆ ಪ್ಲಾಸ್ಟಿಕ್ ಮುಚ್ಚಳ ಹಾಕಿ ಜೇಬಿನಲ್ಲಿಟ್ಟು ದಿನವಿಡೀ ಅದನ್ನೇ ಬಳಸುವುದು ಕೆಟ್ಟ ಅಭ್ಯಾಸ. ಕತ್ತರಿಸದ ಕಡ್ಡಿಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಫ್ರಿಜ್ಜಿನಲ್ಲಿಟ್ಟರೆ ಕೆಲವು ದಿನ ಹಸಿಯಾಗಿರುತ್ತವೆ. ಒಬ್ಬರ ಕಡ್ಡಿ ಇನ್ನೊಬ್ಬರಿಗೆ ಬೇಡ, ಗಂಡ ಹೆಂಡತಿಯಾದರೂ ಸರಿ.

ಹಂತ 9: ಕೆಲಸ ಆಗುತ್ತಿದೆಯೇ ಎಂದು ನೋಡುವುದು

ಪಾಚಿಗೆ ಬಣ್ಣ ಹಿಡಿಸುವ ಮಾತ್ರೆಗಳು ಸಿಗುತ್ತವೆ. ಉಜ್ಜಿದ ಮೇಲೆ ಒಂದನ್ನು ಅಗಿದು, ಬಾಯಿ ಮುಕ್ಕಳಿಸಿ, ಕನ್ನಡಿಯಲ್ಲಿ ನೋಡಿ. ಪಾಚಿ ಉಳಿದ ಕಡೆಯೆಲ್ಲ ಗುಲಾಬಿ ಅಥವಾ ಕೆಂಪು ಬಣ್ಣ ನಿಂತಿರುತ್ತದೆ. ಕಡ್ಡಿ ಬಳಸುವವರಲ್ಲಿ ಸಾಮಾನ್ಯವಾಗಿ ಬಣ್ಣ ಕಾಣುವುದು ಕೆಳದವಡೆಯ ಒಳಮೈಯಲ್ಲಿ ಮತ್ತು ಕಟ್ಟಕಡೆಯ ದವಡೆ ಹಲ್ಲಿನ ಹಿಂಭಾಗದಲ್ಲಿ. ಬ್ರಷ್ ಬಳಸುವ ಬಲಗೈಯವರು ಬಲ ಕೋರೆಹಲ್ಲಿನ ಸುತ್ತಲೂ ನೋಡಿಕೊಳ್ಳಲಿ. ಕೈ ತಿರುಗಿಸುವಾಗ ಹಾರಿಹೋಗುವ ಜಾಗ ಅದು.

ಇನ್ನೊಂದು ಗುರುತು ರಕ್ತ. ಇಲ್ಲಿ ಬಹುತೇಕರು ತಿರುವುಮುರುವು ಮಾಡುತ್ತಾರೆ: ರಕ್ತ ಬಂತೆಂದು ಆ ಜಾಗವನ್ನು ಉಜ್ಜುವುದನ್ನೇ ಬಿಡುತ್ತಾರೆ. ಪಾಚಿ ಇನ್ನೂ ಕೂಡಿ ರಕ್ತ ಇನ್ನೂ ಹೆಚ್ಚುತ್ತದೆ. ಆ ಜಾಗವನ್ನು ಮೃದು ಬ್ರಷ್ಷಿನಿಂದ, ಹಗುರವಾಗಿ, ತಪ್ಪದೆ ಉಜ್ಜಿ. ಬರೀ ಪಾಚಿಯಿಂದಾದ ಉರಿಯೂತವಾದರೆ ಒಂದೆರಡು ವಾರದಲ್ಲಿ ಇಳಿಯುತ್ತದೆ. ಆ ಎರಡು ವಾರ ಕಡ್ಡಿಯನ್ನು ಬದಿಗಿಡಿ, ಊದಿದ ಒಸಡಿಗೆ ಕಟ್ಟಿಗೆಯ ನಾರು ಒರಟಾಗುತ್ತದೆ.

ಬೀಡಿ ಸಿಗರೇಟು ಸೇದುವವರು ರಕ್ತ ಬರುತ್ತಿಲ್ಲ ಎಂದು ನೆಮ್ಮದಿಯಿಂದಿರಬೇಡಿ. ಧೂಮಪಾನದಿಂದ ಒಸಡಿನ ರಕ್ತಸ್ರಾವ ತಗ್ಗಿಹೋಗಿ, ಒಳಗೆ ಮೂಳೆ ಕರಗುತ್ತಿದ್ದರೂ ಹೊರಗೆ ಸೂಚನೆ ಕಾಣದೆ ಇರಬಹುದು.

ಕಡ್ಡಿ ಬೇಡವೆನ್ನಬೇಕಾದವರು

ಹಲ್ಲಿಗೆ ತಂತಿ ಕಟ್ಟಿಸಿಕೊಂಡವರು, ಇಂಪ್ಲಾಂಟ್, ಅಂದರೆ ಮೂಳೆಗೆ ಕೂರಿಸಿದ ಕೃತಕ ಹಲ್ಲು, ಇರುವವರು ಬ್ರಷ್ಷನ್ನೇ ಬಳಸಿ. ನಾರು ತಂತಿಗೆ ಸಿಕ್ಕಿಕೊಳ್ಳುತ್ತದೆ, ಇಂಪ್ಲಾಂಟಿನ ಸುತ್ತಲಿನ ಒಸಡು ಗಾಯ ತಡೆಯುವುದಿಲ್ಲ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು, ಒಸಡು ಈಗಾಗಲೇ ಸರಿದು ಬೇರು ಕಾಣುತ್ತಿರುವವರು, ಬಾಯಿಹುಣ್ಣಿರುವವರು ಕೂಡ. ಮಗುವಿನ ಕೈಗೆ ಕಡ್ಡಿ ಕೊಟ್ಟು ಓಡಾಡಲು ಬಿಡಬೇಡಿ. ಬಿದ್ದರೆ ಗಂಟಲಿಗೆ ಚುಚ್ಚುತ್ತದೆ. ಬೇವು ಒಳ್ಳೆಯದೆಂದು ಎಳೆಯ ಮಕ್ಕಳ ಬಾಯಿಗೆ ಬೇವಿನೆಣ್ಣೆ ಹಾಕುವುದು ಅಪಾಯ. ಅದರಿಂದ ಮಕ್ಕಳಿಗೆ ಫಿಟ್ಸ್ ಬಂದ, ಜೀವಕ್ಕೇ ಎರವಾದ ಪ್ರಕರಣಗಳು ವೈದ್ಯಕೀಯ ದಾಖಲೆಯಲ್ಲಿವೆ.

ಕ್ಲೋರ್‌ಹೆಕ್ಸಿಡಿನ್ ಇರುವ ಬಾಯಿ ತೊಳೆಯುವ ದ್ರವವನ್ನು ಇವೆರಡರ ಬದಲಿಗೆ ಬಳಸಬಹುದೇ ಎಂದೂ ಕೇಳುತ್ತಾರೆ. ಪಾಚಿ ಕಟ್ಟದಂತೆ ಅದು ತಡೆಯುತ್ತದೆ ನಿಜ, ಆದರೆ ವೈದ್ಯರು ಹೇಳಿದಷ್ಟು ದಿನ ಮಾತ್ರ. ಮುಂದುವರಿಸಿದರೆ ಹಲ್ಲು ಕಂದುಬಣ್ಣಕ್ಕೆ ತಿರುಗಿ, ನಾಲಿಗೆಯ ರುಚಿ ಕೆಡುತ್ತದೆ.

ದಂತವೈದ್ಯರ ಬಳಿ ಹೋಗಬೇಕಾದಾಗ

ಸರಿಯಾಗಿ ಉಜ್ಜಿಯೂ ಎರಡು ವಾರದ ಮೇಲೆ ರಕ್ತ ನಿಲ್ಲದಿದ್ದರೆ, ಒಸಡು ಒತ್ತಿದಾಗ ಕೀವು ಬಂದರೆ, ಹಲ್ಲು ಅಲ್ಲಾಡತೊಡಗಿದರೆ, ಕಚ್ಚುವಾಗ ಹಲ್ಲು ಮೊದಲಿನಂತೆ ಕೂಡುತ್ತಿಲ್ಲ ಎನ್ನಿಸಿದರೆ ಮನೆಮದ್ದಿಗೆ ಕಾಯಬೇಡಿ. ಸಕ್ಕರೆ ಕಾಯಿಲೆ ಇರುವವರು ಇನ್ನೂ ಬೇಗ ಹೋಗಿ. ಸಕ್ಕರೆ ಏರಿದರೆ ಒಸಡು ಕೆಡುತ್ತದೆ, ಒಸಡು ಕೆಟ್ಟರೆ ಸಕ್ಕರೆ ಹತೋಟಿಗೆ ಬರುವುದು ಕಷ್ಟ. ಗರ್ಭಿಣಿಯರಿಗೆ ಹಾರ್ಮೋನಿನ ಏರುಪೇರಿನಿಂದ ಒಸಡು ಊದುವುದು ಸಾಮಾನ್ಯ, ಆದರೂ ಒಮ್ಮೆ ತೋರಿಸಿ. ಗರ್ಭಿಣಿಯರಿಗೂ ಸ್ಕೇಲಿಂಗ್ ಮಾಡಿಸಬಹುದು.

ಹೋದಾಗ ಕಡ್ಡಿ ಬಳಸುತ್ತೀರಿ ಎಂಬುದನ್ನು ಸಂಕೋಚವಿಲ್ಲದೆ ಹೇಳಿ, ಯಾವ ಗಿಡದ್ದು, ಎಷ್ಟು ವರ್ಷದಿಂದ ಎಂಬುದನ್ನೂ ಹೇಳಿ. ಆಗ ಅವರು ಕೋರೆಹಲ್ಲಿನ ಹೊರಮೈಯಲ್ಲಿ ಒಸಡು ಎಷ್ಟು ಸರಿದಿದೆ, ಕೆಳದವಡೆಯ ಒಳಮೈಯಲ್ಲಿ ಸಂದು ಎಷ್ಟು ಆಳವಿದೆ ಎಂದು ಅಳೆದು ಬರೆದಿಡುತ್ತಾರೆ. ಆ ಅಳತೆಯನ್ನು ಕೇಳಿ ಪಡೆದುಕೊಂಡು, ಆರು ತಿಂಗಳ ನಂತರದ ಅಳತೆಯೊಂದಿಗೆ ಹೋಲಿಸಿ ನೋಡಿ. ಸಂದು 4 ಮಿಲಿಮೀಟರ್ ದಾಟಿದ್ದರೆ ಅಲ್ಲಿಗೆ ಕಡ್ಡಿಯೂ ಬ್ರಷ್ಷೂ ತಲುಪುವುದಿಲ್ಲ. ವೈದ್ಯರು ಒಸಡಿನ ಕೆಳಗಿನಿಂದ ತೆಗೆಯಬೇಕಾಗುತ್ತದೆ.